ಕುರ್ಚಿ ಅಲ್ಲೇ ಇರುತ್ತೆ, ಬೀಗದ ಕೈ ಹೋಗಿರುತ್ತೆ

ಕೊಬ್ರಿ ರೇಟು ಬಿದ್ದಾಗಲೆಲ್ಲ ಅಂಗಡಿ ಕಟ್ಟೆ ಮೇಲೆ ಒಂದು ಮಾತು ಏಳುತ್ತೆ: "ಈ ಚುನಾವಣೆ, ಸಭೆ, ಠರಾವು ಎಲ್ಲಾ ದಂಡ ಕಣಣ್ಣ. ಒಬ್ಬ ಗಟ್ಟಿ ಆಳು ಬಂದ್ರೆ ಸರಿ ಹೋಗುತ್ತೆ." ಈ ಮಾತಿಗೆ ನನ್ನ ತಕರಾರು ಐತೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಹಿಂದೆ ರೋಮ್‌ನಲ್ಲಿ ರಾಜ ಇರಲಿಲ್ಲ. ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳನ್ನ ಜನ ಆರಿಸೋರು, ಸೆನೆಟ್ ಅನ್ನೋ ಹಿರಿಯರ ಸಭೆ ಇತ್ತು. ಹೆಸರಿಗೆ ಪ್ರಜೆಗಳ ರಾಜ್ಯ, ನಡೆಸ್ತಿದ್ದೋರು ದೊಡ್ಡ ಜಮೀನುದಾರರು. ಸಣ್ಣ ರೈತ ದಂಡಿಗೆ ಹೋಗಿ ವರ್ಷಗಟ್ಟಲೆ ಬಿಟ್ಟು ಬರೋ ಹೊತ್ತಿಗೆ ಹೊಲ ಎಷ್ಟೋ ಸಲ ಬೇರೆಯವರ ಪಾಲು. ಕ್ರಿ.ಪೂ. 133ರಲ್ಲಿ ಟೈಬೀರಿಯಸ್ ಗ್ರಾಕಸ್ ಅನ್ನೋ ಟ್ರಿಬ್ಯೂನ್, ಅಂದ್ರೆ ಸಾಮಾನ್ಯ ಜನರ ಪ್ರತಿನಿಧಿ, ಉಳ್ಳವರು ಮಿತಿ ಮೀರಿ ಹಿಡಿದಿದ್ದ ಸರ್ಕಾರಿ ಭೂಮಿ ಬಿಡಿಸಿ ಬಡವರಿಗೆ ಹಂಚೋಕೆ ಕಾನೂನು ತಂದ. ಸೆನೆಟರ್‌ಗಳೇ ಗುಂಪು ಕಟ್ಕೊಂಡು ಬಂದು ಅವನನ್ನ ಹೊಡೆದು ಕೊಂದ್ರು.

ಆಮೇಲೆ ನೂರು ವರ್ಷ ಬಡಿದಾಟ. ಜನ ಸುಸ್ತಾದ್ರು. ಸೀಜರ್ ಬದುಕಿರೋವರೆಗೂ ತಾನೇ ಸರ್ವಾಧಿಕಾರಿ ಅಂತ ರಾಜಾರೋಷವಾಗಿ ಕೂತ, ಕ್ರಿ.ಪೂ. 44ರಲ್ಲಿ ಸೆನೆಟ್ ಸಭೆಯಲ್ಲೇ ಇರಿದ್ರು. ಅವನ ದತ್ತು ಮಗ ಆಗಸ್ಟಸ್ ಬಲು ಜಾಣ. ರಾಜ ಅಂತ ಕರೆಸಿಕೊಳ್ಳಲೇ ಇಲ್ಲ, ನಾನು ಮೊದಲ ಪ್ರಜೆ ಅಷ್ಟೇ ಅಂದ. ಸೆನೆಟ್ ಇಟ್ಟ, ಕಾನ್ಸಲ್ ಇಟ್ಟ, ಓಟೂ ಇಟ್ಟ. ಸೈನ್ಯ ಮಾತ್ರ ತನ್ನ ಕೈಲಿ. ಕ್ರಿ.ಪೂ. 23ರಲ್ಲಿ ಟ್ರಿಬ್ಯೂನ್ ಆಗದೇನೇ ಟ್ರಿಬ್ಯೂನ್‌ನ ಅಧಿಕಾರನೂ ತಗೊಂಡ. ಗ್ರಾಕಸ್ ಬಡವರಿಗೋಸ್ಕರ ಬಳಸಿದ್ದ ಅಧಿಕಾರ ಅದು! ಕ್ರಿ.ಶ. 14ರಲ್ಲಿ ಅವನ ನಂತರ ಬಂದ ಚಕ್ರವರ್ತಿ ಅಧಿಕಾರಿಗಳನ್ನ ಆರಿಸೋ ಹಕ್ಕನ್ನ ಜನರ ಕೈಯಿಂದ ತೆಗೆದು ಸೆನೆಟ್‌ಗೆ ಕೊಟ್ಟಾಗ ಒಂದಿಷ್ಟು ಗೊಣಗಾಟ ಬಿಟ್ರೆ ಏನೂ ಆಗಲಿಲ್ಲ.

ರೋಮ್ ದೂರ ಅಂತೀರ? ಮೈಸೂರಿಗೆ ಬನ್ನಿ. ಅಲ್ಲಿದ್ದದ್ದು ರಾಜರ ಆಳ್ವಿಕೆ, ಆದ್ರೆ ಕಸುಬು ಅದೇ. ದಳವಾಯಿ ದೇವರಾಜಯ್ಯ, ನಂಜರಾಜಯ್ಯನವರ ಕಾಲಕ್ಕೇ ಒಡೆಯರು ಹೆಸರಿಗಷ್ಟೆ. 1761ರಲ್ಲಿ ಅಧಿಕಾರ ಹೈದರಾಲಿ ಕೈಗೆ ಬಂತು. ಹೈದರನೂ ಸಿಂಹಾಸನ ಏರಲಿಲ್ಲ. ದಸರಾದಲ್ಲಿ ಒಡೆಯರನ್ನ ಕೂರಿಸಿ ಜನಕ್ಕೆ ತೋರಿಸೋರು. 1796ರಲ್ಲಿ ಚಾಮರಾಜ ಒಡೆಯರು ತೀರಿಕೊಂಡಾಗ ಟಿಪ್ಪು ಇನ್ನೊಬ್ಬರನ್ನ ಕೂರಿಸಲೇ ಇಲ್ಲ. ಜಾತಿ ಧರ್ಮದ ಜಗಳ ತೆಗೀಬೇಡಿ ಇಲ್ಲಿ, ಶುರು ಹಚ್ಚಿದ್ದು ದಳವಾಯಿಗಳು.

ಈಗ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ನೋಡಿ. ನಜೀರ್ ಸಾಬ್ ಮಂತ್ರಿಯಾಗಿದ್ದಾಗ, 1987ರಲ್ಲಿ, ಜಿಲ್ಲಾ ಪರಿಷತ್ತಿಗೆ ಚುನಾವಣೆ ಆಯ್ತು. ಅಧಿಕಾರಿಗಳು ನಾವು ಆರಿಸಿದೋರ ಕೆಳಗೆ ಕೆಲಸ ಮಾಡಿದ್ರು. ಜಿಲ್ಲಾ, ತಾಲೂಕು ಪಂಚಾಯ್ತಿಗೆ 2016ರಲ್ಲಿ ಓಟು ಹಾಕಿದ್ವಿ. 2021ಕ್ಕೆ ಅವಧಿ ಮುಗೀತು. ಮುಗಿಯೋದ್ರೊಳಗೆ ಚುನಾವಣೆ ಆಗ್ಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳೇ ಹೋದ್ವು. ಒಂದು ಪಕ್ಷ ಹೋಗಿ ಇನ್ನೊಂದು ಬಂದ್ರೂ ಅದೇ ಕಥೆ. ಕಟ್ಟಡ ಐತೆ, ಬೋರ್ಡು ಐತೆ, ಒಳಗೆ ಆಡಳಿತಾಧಿಕಾರಿ. ಕೆಂಪು ಮೂತಿ ಹುಳ ಹೊಕ್ಕ ಮರಾನೂ ಬಹಳ ದಿನ ಹಸಿರಾಗೇ ಕಾಣುತ್ತೆ.

ಇನ್ನು ಸಂಘಗಳು. ನಾನು ಸದಸ್ಯನಾಗಿರೋ ಒಂದರಲ್ಲಿ ಸರ್ವಸದಸ್ಯರ ಸಭೆ ಅಂದ್ರೆ ಪುಸ್ತಕ ಮನೆಮನೆಗೆ ಬರೋದು. "ನಿಮಗೆ ತೋಟದ ಕೆಲಸ ಇರುತ್ತೆ, ಯಾಕ್ ಬರ್ತೀರ, ಇಲ್ಲೇ ಸೈನ್ ಹಾಕಿ" ಅನ್ನೋ ಉಪಕಾರ ಬೇರೆ. ಹೋದ ಸಲ, ಜಮಾ ಖರ್ಚು ತೋರಿಸು ಆಮೇಲೆ ಹಾಕ್ತೀನಿ ಅಂದೆ. ಹುಡುಗ ಪುಸ್ತಕ ಎತ್ಕೊಂಡು ಪಕ್ಕದ ಮನೆಗೆ ಹೋದ. ಅಲ್ಲಿ ಹಾಕಿದ್ರು.

ಗಟ್ಟಿ ಆಳು ಬೇಕು ಅನ್ನೋರೇ, ಮೊದಲು ಆ ಪುಸ್ತಕ ವಾಪಸ್ ಕಳಿಸಿ. ಮುಂದಿನ ಗ್ರಾಮಸಭೆಲಿ ಜಿಲ್ಲಾ, ತಾಲೂಕು ಪಂಚಾಯ್ತಿ ಚುನಾವಣೆ ಯಾವಾಗ ಅಂತ ಠರಾವು ಬರೆಸಿ. ಎಂಎಲ್‌ಎ ಊರಿಗೆ ಬಂದಾಗ ಕೊಬ್ರಿ ರೇಟಿನ ಜೊತೆ ಇದನ್ನೂ ಕೇಳಿ, ನಾಲ್ಕು ಜನರ ಎದುರಿಗೇ ಕೇಳಿ.