ಮನೆಯಲ್ಲಿ ಕಟ್ಟಿದ ವಿಮಾನ, ಊರ ಮೇಲಿನ ಆಕಾಶ

ಹೈದರಾಬಾದ್–ಸೋಲಾಪುರ ಹೆದ್ದಾರಿಯ ಮನ್ನಾಏಖೇಳ್ಳಿಯಲ್ಲಿ ಬಸ್ಸಿಗೆ ಕಾಯುವವರಿಗೆ ಬೀದರ್ ವಾಯುನೆಲೆಯ ತರಬೇತಿ ವಿಮಾನಗಳ ಸದ್ದು ಹೊಸತಲ್ಲ. ಆ ಸದ್ದು ಕೇಳುತ್ತ ಬೆಳೆದ ಹುಡುಗರಲ್ಲಿ ಕೆಲವರಿಗೆ ತಾವೂ ಹಾರಬೇಕೆನಿಸುವುದು ಸಹಜ. ನಾನು ಆ ಭಾಗದಲ್ಲಿ ಸೇವೆಯಲ್ಲಿದ್ದಾಗ ಅಂಥ ಯುವಕನೊಬ್ಬ ಗ್ಯಾರೇಜಿನಲ್ಲಿ ಅಲ್ಯುಮಿನಿಯಂ ಕೊಳವೆ ಮತ್ತು ಮೋಟಾರ್‌ಸೈಕಲ್ ಎಂಜಿನ್ ಜೋಡಿಸಿ ಪುಟ್ಟ ವಿಮಾನವೊಂದನ್ನು ಸಿದ್ಧಪಡಿಸಿ, ಹಾರಿಸಲು ಅನುಮತಿ ಕೇಳಿಕೊಂಡು ಬಂದಿದ್ದ. ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಹೇಳಿ ಕಳುಹಿಸಿದೆ. ಯಾರ ವ್ಯಾಪ್ತಿಗೆ ಬರುತ್ತದೆಂದು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ತಿಳಿದಿರಲಿಲ್ಲ.

ಈ ಹವ್ಯಾಸದ ಅಪಾಯ ಕಲ್ಪನೆಯದಲ್ಲ. ಅಮೆರಿಕದಲ್ಲಿ ಇಂಥ ವಿಮಾನಗಳು ಸುಮಾರು 33 ಸಾವಿರ ಇದ್ದವು. ಅಲ್ಲಿನ ಖಾಸಗಿ ಲಘು ವಿಮಾನಗಳಲ್ಲಿ ಅವುಗಳ ಪಾಲು ಶೇಕಡಾ 10ರಷ್ಟು. ಆದರೆ 2011ರ ಮಾರಣಾಂತಿಕ ಅಪಘಾತಗಳಲ್ಲಿ ಅವುಗಳ ಪಾಲು ಶೇಕಡಾ 21 ಎಂದು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ವರದಿ ಮಾಡಿತು. ಎಂಜಿನ್ ಕೈಕೊಡುವುದು ಮತ್ತು ಹಾರಾಟದಲ್ಲಿ ನಿಯಂತ್ರಣ ತಪ್ಪುವುದು ಪ್ರಮುಖ ಕಾರಣಗಳು. ಅಪಘಾತಕ್ಕೀಡಾದ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಟ್ಟಿದವರ ಬಳಿ ಇರಲಿಲ್ಲ, ಕೈ ಬದಲಾಗಿದ್ದವು. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಸತ್ತದ್ದು ಇಂಥದೇ ವಿಮಾನದಲ್ಲಿ. ಇಂಧನದ ಟ್ಯಾಂಕು ಬದಲಿಸುವ ಹಿಡಿಯನ್ನು ಕಟ್ಟಿದವರು ಚಾಲಕನ ಎಡ ಭುಜದ ಹಿಂದೆ ಇಟ್ಟಿದ್ದರು. ಕಟ್ಟಿದವನ ಕೈಗೆ ಅಭ್ಯಾಸವಾದದ್ದು ಕೊಂಡವನ ಪಾಲಿಗೆ ಮೃತ್ಯುವಾಗಬಹುದು.

ಪರಿಣತರಿಗೂ ಪ್ರಾಯೋಗಿಕ ವಿಮಾನ ಸುಲಭದ ಮಾತಲ್ಲ. 2009ರ ಮಾರ್ಚ್ 6ರಂದು ಬಿಡದಿಯ ಬಳಿ ಎನ್‌ಎಎಲ್‌ನ ‘ಸರಸ್’ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಅಸುನೀಗಿದರು. ಗಾಳಿಯಲ್ಲಿ ಎಂಜಿನ್ ಮರುಚಾಲನೆಗೆ ಸೂಚಿಸಿದ್ದ ಕ್ರಮವೇ ದೋಷಪೂರ್ಣವಾಗಿತ್ತೆಂದು ತನಿಖೆ ಹೇಳಿತು. ರಾಷ್ಟ್ರೀಯ ಪ್ರಯೋಗಾಲಯಕ್ಕೇ ಹೀಗಾದರೆ, ಗ್ಯಾರೇಜಿನ ಒಂಟಿ ಸಾಹಸಿಯ ಗತಿಯೇನು?

ತನ್ನ ಪ್ರಾಣ ಪಣಕ್ಕಿಡುವುದು ಅವನ ಸ್ವಾತಂತ್ರ್ಯ ಎಂಬ ವಾದವಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಅದನ್ನು ಪೂರ್ತಿ ಒಪ್ಪಲಾರೆ. ಹಾರಾಟದ ಸುಖ ಅವನೊಬ್ಬನದು; ಅಪಾಯದ ಒಂದು ಪಾಲು ಮಾತ್ರ ಕೆಳಗೆ ತೊಗರಿ ಹೊಲದಲ್ಲಿ ಕೆಲಸ ಮಾಡುವವರದು. ಅವರ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ. ಬೀದರಿನಂಥ ಕಡೆ ವಾಯುಪಡೆಯ ತರಬೇತಿ ವಿಮಾನಗಳೂ ಅದೇ ಆಕಾಶದಲ್ಲಿರುತ್ತವೆ.

ಹಾಗೆಂದು ನಿಷೇಧ ಪರಿಹಾರವಲ್ಲ. ಮುಂಬೈಯ ಮಹಡಿಯೊಂದರ ಮೇಲೆ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅವರಿಗೆ ವರ್ಷಗಳ ಅಲೆದಾಟದ ನಂತರ ನೋಂದಣಿ ಸಿಕ್ಕಿದ್ದು 2017ರಲ್ಲಿ. ಅಷ್ಟು ತಾಳ್ಮೆ ಎಲ್ಲರಲ್ಲೂ ಇರದು. ಕಾನೂನಿನ ಬಾಗಿಲು ಮುಚ್ಚಿದಂತೆ ಕಂಡರೆ, ಕೆಲವರು ನಸುಕಿನಲ್ಲಿ ಖಾಲಿ ಹೊಲದಿಂದ ಕದ್ದು ಹಾರಿಯಾರು. ಅದೇ ಅತ್ಯಂತ ಅಪಾಯಕಾರಿ ಹಾರಾಟ.

1934ರ ವಿಮಾನ ಕಾಯ್ದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿದೆ. ಹವ್ಯಾಸಿಗಳಿಗೆ ಅರ್ಥವಾಗುವ ಸರಳ ಮಾರ್ಗಸೂಚಿಯೊಂದನ್ನು ಕನ್ನಡದಲ್ಲೂ ಪ್ರಕಟಿಸಲು ಇದು ಸಕಾಲ. ಅಮೆರಿಕದ ಹವ್ಯಾಸಿಗಳ ಸಂಘದಲ್ಲಿ ಅನುಭವಿಗಳು ಸ್ವಯಂಸೇವಕರಾಗಿ, ನಿರ್ಮಾಣದ ಹಂತದಲ್ಲೇ ಬಂದು ಬೆಸುಗೆ, ಬೋಲ್ಟು, ಇಂಧನ ಕೊಳವೆಗಳನ್ನು ಪರೀಕ್ಷಿಸುತ್ತಾರೆ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಮತ್ತು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಇಂಥ ಸಲಹಾ ವ್ಯವಸ್ಥೆಯನ್ನು ಆರಂಭಿಸಬಹುದು. ಮೊದಲ ಹಾರಾಟಗಳು ಜನವಸತಿಯಿಂದ ದೂರ, ಪ್ರಯಾಣಿಕರಿಲ್ಲದೆ ನಡೆಯಬೇಕು. ಕೈ ಬದಲಾದ ವಿಮಾನಕ್ಕೆ ಹೊಸ ಚಾಲಕನ ತರಬೇತಿ ಕಡ್ಡಾಯವಾಗಬೇಕು.

ಅಂದು ಆ ಯುವಕನಿಗೆ ಹೇಳಬೇಕಿದ್ದುದು ಇಷ್ಟೇ: ‘ಹಾರಬೇಡ’ ಎಂದಲ್ಲ, ‘ಮೊದಲು ಬಲ್ಲವರೊಬ್ಬರಿಗೆ ತೋರಿಸು, ಅವರು ಇಲ್ಲಿದ್ದಾರೆ’ ಎಂದು. ಆ ‘ಇಲ್ಲಿ’ ಎಲ್ಲೆಂಬುದನ್ನು ಸರ್ಕಾರ ಇನ್ನಾದರೂ ತಿಳಿಸಲಿ.