ಗಟ್ಟಿ ಮೀನು ಯಾವುದು?

ಉಪ್ಪುನೀರಿನ ಮೀನುತೊಟ್ಟಿಯನ್ನು ನಡುಮನೆಯಲ್ಲಿ ಇರಿಸಬೇಕೆಂಬ ಹಂಬಲ ಈಗ ನಮ್ಮ ನಗರಗಳಲ್ಲಿ ಅಪರೂಪವಲ್ಲ. 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೋ’ ಚಿತ್ರವನ್ನು ನೋಡಿದ ಮಕ್ಕಳು ಬೇಡುವುದು ಎರಡೇ ಮೀನುಗಳನ್ನು: ಕಿತ್ತಳೆ ಮೈಯ ಕ್ಲೌನ್ ಹಾಗೂ ನೀಲಿ ಟ್ಯಾಂಗ್. ಮೊದಲನೆಯದನ್ನು ಸಂತೋಷವಾಗಿ ತರಬಹುದು. ಎರಡನೆಯದು ಅಂಗಡಿಯಲ್ಲಿ ಬೆರಳುದ್ದವಿದ್ದರೂ ಬೆಳೆದರೆ ಒಂದು ಅಡಿಯಾಗುತ್ತದೆ. ನಮ್ಮ ತೊಟ್ಟಿ ಅದಕ್ಕೆ ಸೆರೆಮನೆ.

‘ಮೊದಲು ಗಟ್ಟಿ ಮೀನು ಬಿಡಿ’ ಎಂದು ಅಂಗಡಿಯವರು ಹೇಳುವುದುಂಟು. ಅವರ ಲೆಕ್ಕದಲ್ಲಿ ಗಟ್ಟಿ ಮೀನೆಂದರೆ ಡ್ಯಾಮ್ಸೆಲ್. ಹೊಸ ತೊಟ್ಟಿಗೆ ನಾಲ್ಕು ಡ್ಯಾಮ್ಸೆಲ್‌ಗಳನ್ನು ಬಿಡುವುದು, ಉಳಿದರೆ ನೀರು ಪಕ್ವವಾಯಿತೆಂದು ತಿಳಿಯುವುದು—ಇದು ಹಳೆಯ ಪದ್ಧತಿ. ಪಾಯಸದಲ್ಲಿ ವಿಷವಿದೆಯೇ ಎಂದು ನೆಂಟರಿಗೆ ಬಡಿಸಿ ನೋಡಿದಂತಾಯಿತು! ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟ್ ಆಗಿಯೂ, ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಡ್ಯಾಮ್ಸೆಲ್ ಕಿವಿರು ಸುಟ್ಟುಕೊಂಡು ಬದುಕುತ್ತದೆ. ಬದುಕಿದ ಮೇಲೆ ತೊಟ್ಟಿಯೆಲ್ಲ ತನ್ನದೆಂದು ಭಾವಿಸಿ, ಆಮೇಲೆ ಬಂದವರನ್ನು ಕಚ್ಚಿ ಅಟ್ಟುತ್ತದೆ. ಅದನ್ನು ಹಿಡಿದು ಹೊರಗೆ ತೆಗೆಯಬೇಕಾದರೆ ಕಲ್ಲುಗಳನ್ನೆಲ್ಲ ಎತ್ತಬೇಕು.

ಈ ಹಿಂಸೆ ಅನಾವಶ್ಯಕ. ಮೀನಿಲ್ಲದ ತೊಟ್ಟಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿದರೆ ಅದು ಕೊಳೆತು ಅದೇ ಅಮೋನಿಯ ಹುಟ್ಟುತ್ತದೆ. ಪರೀಕ್ಷೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಮೀನು ತಂದರಾಯಿತು. ಮಕ್ಕಳನ್ನು ಒಂದು ತಿಂಗಳು ಸಮಾಧಾನಪಡಿಸುವುದೇ ಕಷ್ಟದ ಕೆಲಸ.

ನಮ್ಮ ಅಲಕ್ಷ್ಯವನ್ನು ತಾಳಿಕೊಳ್ಳುವ ಮೀನಿಗಿಂತ ತೊಟ್ಟಿಯಲ್ಲೇ ಹುಟ್ಟಿದ ಮೀನನ್ನು ಗಟ್ಟಿಯೆಂದು ಕರೆಯುವುದು ಮೇಲು. ಅದಕ್ಕೆ ಬಲೆಯ ಭಯವಿಲ್ಲ, ಒಣ ಆಹಾರದ ಅಭ್ಯಾಸವಿದೆ. ಇವುಗಳಲ್ಲಿ ಮೊದಲ ಮಣೆ ಕ್ಲೌನ್‌ಗೆ. ನಮ್ಮ ದೇಶದಲ್ಲಿಯೇ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಇದರ ಮರಿಗಳನ್ನು ಬೆಳೆಸುವ ವಿಧಾನವನ್ನು ರೂಪಿಸಿದೆ. ಕ್ಲೌನ್‌ಗಳೆಲ್ಲ ಮೊದಲು ಗಂಡುಗಳೇ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಮಾರ್ಪಟ್ಟು ಯಜಮಾನಿಕೆ ವಹಿಸುತ್ತದೆ. ಆದ್ದರಿಂದ ಎರಡು ಎಳೆಯ ಮೀನುಗಳನ್ನು ತಂದರೆ ಸಾಕು, ಉಳಿದುದನ್ನು ಅವೇ ತೀರ್ಮಾನಿಸಿಕೊಳ್ಳುತ್ತವೆ! ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಮೀರಿ ಬಾಳಬಲ್ಲವು. ಚಿತ್ರದಲ್ಲಿರುವಂತೆ ಕಡಲಹೂವು ಜೊತೆಗಿರಬೇಕೆಂದೇನೂ ಇಲ್ಲ.

ಇಂಡೊನೇಷ್ಯದ ಬಂಗಾಯಿ ಕಾರ್ಡಿನಲ್ ಕೂಡ ಶಾಂತ ಸ್ವಭಾವದ್ದು. ಇದರ ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಉಪವಾಸವಿದ್ದು ಕಾಯುತ್ತದೆ. ವ್ಯಾಪಾರಕ್ಕಾಗಿ ಅತಿಯಾಗಿ ಹಿಡಿದುದರಿಂದ 2007ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ಸಾಕಿ ಬೆಳೆಸಿದ ಮರಿಯಲ್ಲದಿದ್ದರೆ ಕೊಳ್ಳಬೇಡಿ.

ಚೆಲುವಿಗೆ ಮರುಳಾಗಿ ಮ್ಯಾಂಡರಿನ್ ಮೀನನ್ನು ಮಾತ್ರ ತರಬಾರದು. ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನುವ ಅದು ಹೊಸ ತೊಟ್ಟಿಯಲ್ಲಿ ವಾರಗಟ್ಟಲೆ ಸೊರಗಿ ಸಾಯುತ್ತದೆ. ಮನೆಯವರು ರೋಗವೆಂದು ಔಷಧಿ ಹುಡುಕುತ್ತಿರುತ್ತಾರೆ, ಅದಕ್ಕಿರುವುದು ಹಸಿವು.

ಯಾವ ಮೀನೇ ಆಗಲಿ, ಹಣ ಕೊಡುವ ಮುನ್ನ ‘ಸ್ವಾಮಿ, ಇದಕ್ಕೆ ಸ್ವಲ್ಪ ಆಹಾರ ಹಾಕಿ ತೋರಿಸಿ’ ಎಂದು ಕೇಳಿರಿ. ತಿನ್ನದ ಮೀನು, ಹೊಟ್ಟೆ ಒಳಸೇರಿದ ಮೀನು, ಮೈಮೇಲೆ ಬಿಳಿಚುಕ್ಕೆಯಿರುವ ಮೀನು ಎಷ್ಟೇ ಅಗ್ಗವಾದರೂ ಬೇಡ. ನೂರು ಲೀಟರಿನ ತೊಟ್ಟಿಗೆ ಮೊದಲು ಎರಡು ಕ್ಲೌನ್ ಸಾಕು. ಮೂರನೆಯ ಮೀನು ಒಂದು ತಿಂಗಳ ಬಳಿಕ ಬರಲಿ. ತೊಟ್ಟಿಯ ನೀರು ಇಂಗಿದಾಗ ಉಪ್ಪುನೀರು ಸುರಿಯದೆ ಶುದ್ಧವಾದ ಸಿಹಿನೀರನ್ನೇ ತುಂಬಿಸಬೇಕು. ಆವಿಯಾಗುವುದು ನೀರು, ಉಪ್ಪು ಅಲ್ಲಿಯೇ ಉಳಿದಿರುತ್ತದೆ.