ಮೋಸಹೋದವನಿಗೇ ದಂಡವೇಕೆ?

ದೂರವಾಣಿಯಲ್ಲಿ ಬ್ಯಾಂಕಿನವರಂತೆಯೋ ಪೊಲೀಸರಂತೆಯೋ ಮಾತನಾಡಿ ಜನರ ದುಡಿಮೆಯನ್ನು ಅಪಹರಿಸುವ ವಂಚಕರ ವಿಷಯದಲ್ಲಿ ನಮ್ಮ ಸರ್ಕಾರವೂ ಬ್ಯಾಂಕುಗಳೂ ಕಂಡುಕೊಂಡಿರುವ ಪರಮೋಪಾಯವೆಂದರೆ ‘ಎಚ್ಚರವಾಗಿರಿ’ ಎಂಬ ಉಪದೇಶ. ಈ ಉಪದೇಶ ತಪ್ಪೆಂದು ನಾನು ಹೇಳುವುದಿಲ್ಲ. ಹಾನಿಯ ಹೊರೆಯನ್ನೆಲ್ಲ ಮೋಸಹೋದವನ ಹೆಗಲಿಗೆ ಹೊರಿಸಿ ಕೈತೊಳೆದುಕೊಳ್ಳುವುದಕ್ಕೆ ಅದೊಂದು ನೆವವಾಗಿದೆಯೆನ್ನುತ್ತೇನೆ.

ಕಬ್ಬೂರವನ್ನೇ ನೋಡಿರಿ. ಚಿಕ್ಕೋಡಿ ಸೀಮೆಯ ಈ ಭಾಗದಲ್ಲಿ ಕಾರ್ಖಾನೆಯ ಕಬ್ಬಿನ ಬಿಲ್ಲು ರೈತನ ಖಾತೆಗೆ ಜಮೆಯಾಗುತ್ತದೆ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2000 ರೂಪಾಯಿಯೂ ಮನೆಯ ಯಜಮಾನಿಯ ಖಾತೆಗೇ ಬರುತ್ತದೆ. ಖಾತೆಯಿಲ್ಲದೆ ಹಣವಿಲ್ಲವೆಂದು ವಿಧಿಸಿದುದು ರಾಜ್ಯ. ಕೆವೈಸಿ ಮಾಡಿಸದಿದ್ದರೆ ಖಾತೆ ಸ್ಥಗಿತವಾಗುವುದೆಂದು ಆಗಾಗ ಸಂದೇಶ ಕಳುಹಿಸಿ ಭಯವನ್ನು ಬಿತ್ತಿದುದು ಬ್ಯಾಂಕು. “ಅಕ್ಕಾರ, ನಿಮ್ಮ ಖಾತೆ ಬಂದ್ ಆಗತೈತ್ರಿ, ಮೊಬೈಲಿಗೆ ಬಂದ ನಂಬರ್ ಹೇಳ್ರಿ” ಎನ್ನುವ ವಂಚಕನು ಆ ಬಿತ್ತಿದುದನ್ನು ಕೊಯ್ದುಕೊಳ್ಳುತ್ತಾನೆ, ಅಷ್ಟೆ.

ಇದು ಅನಕ್ಷರಸ್ಥರ ಅವಿವೇಕವೆಂದು ಪಟ್ಟಣಿಗರು ಮೂಗು ಮುರಿಯುವುದುಂಟು. ನಮ್ಮ ಜಿಲ್ಲೆಯದೇ ಆದ ಖಾನಾಪುರ ತಾಲೂಕಿನ ಬೀಡಿ ಗ್ರಾಮದಲ್ಲಿ, ಸರ್ಕಾರಿ ಸೇವೆಯಿಂದ ನಿವೃತ್ತರಾಗಿದ್ದ ವೃದ್ಧರೂ ಅವರ ಪತ್ನಿಯೂ ಫೋನಿನಲ್ಲೇ ಬಂಧಿಸಿದ್ದೇವೆನ್ನುವ ‘ಡಿಜಿಟಲ್ ಅರೆಸ್ಟ್’ ಎಂಬ ಬೆದರಿಕೆಗೆ ಸಿಲುಕಿ, ಐವತ್ತು ಲಕ್ಷಕ್ಕೂ ಮಿಕ್ಕ ಹಣವನ್ನು ತೆತ್ತು, 2025ರ ಮಾರ್ಚಿನಲ್ಲಿ ಪ್ರಾಣವನ್ನೇ ನೀಗಿಕೊಂಡರು. ಅಕ್ಷರಜ್ಞಾನವು ಅವರನ್ನು ಕಾಯಲಿಲ್ಲ.

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನು ಗುಪ್ತಸಂಖ್ಯೆಯನ್ನು ತಾನೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲವೂ ಅವನದೇ. ಹಾಗಲ್ಲದಿದ್ದರೆ ಜನರು ಅಜಾಗರೂಕರಾಗುವರೆಂಬುದು ಬ್ಯಾಂಕುಗಳ ಪರವಾಗಿ ವಾದಿಸುವವರ ಮಾತು. ಆದರೆ ಕದ್ದ ಹಣ ಗಾಳಿಯಲ್ಲಿ ಕರಗುವುದಿಲ್ಲ. ಆಧಾರ್, ಪ್ಯಾನುಗಳನ್ನು ಪರೀಕ್ಷಿಸಿ ಮತ್ತೊಂದು ಬ್ಯಾಂಕು ತೆರೆದುಕೊಟ್ಟ, ವಂಚಕರು ಬಾಡಿಗೆಗೆ ಹಿಡಿದ ಖಾತೆಗೇ ಅದು ಹೋಗಿ ಸೇರುತ್ತದೆ. ಬಡವನ ಸಾಲದರ್ಜಿಗೆ ಹತ್ತು ಕಾಗದ ಕೇಳುವ ಬ್ಯಾಂಕಿಗೆ ಆ ಖಾತೆಯಲ್ಲಿ ಒಂದೇ ದಿನ ಲಕ್ಷಗಳು ಬಂದು ಹೋದುದು ಕಾಣಲಿಲ್ಲವೆಂದರೆ ಒಪ್ಪುವುದೆಂತು? ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ, ವಂಚನೆಗೊಳಗಾಗಿ ತಾನೇ ಹಣ ಕಳುಹಿಸಿದವನಿಗೂ 85,000 ಪೌಂಡುಗಳವರೆಗೆ, ಕಳುಹಿಸಿದ ಬ್ಯಾಂಕೂ ಪಡೆದ ಬ್ಯಾಂಕೂ ಅರ್ಧರ್ಧ ಹೊತ್ತು ತುಂಬಿಕೊಡಬೇಕು. ಗ್ರಾಹಕನದು ಘೋರ ಅಲಕ್ಷ್ಯವೆಂದರೆ ಅದನ್ನು ರುಜುವಾತುಪಡಿಸುವ ಭಾರವೂ ಬ್ಯಾಂಕಿನದೇ.

ಅಂಥ ನ್ಯಾಯ ಇಲ್ಲಿಗೆ ಬರುವವರೆಗೆ ಆತ್ಮರಕ್ಷಣೆ ಅನಿವಾರ್ಯ. ಓಟಿಪಿಯನ್ನು ಯಾರಿಗೂ ಹೇಳಬಾರದು. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಒತ್ತಬೇಕಾದುದಿಲ್ಲ. ಫೋನಿನಲ್ಲಿ ಬಂಧಿಸುವ ಅಧಿಕಾರ ನಮ್ಮ ಕಾನೂನಿನಲ್ಲಿ ಯಾರಿಗೂ ಇಲ್ಲ. ಹಣ ಹೋಯಿತೆಂದರೆ, ನೆರೆಯವರು ನಕ್ಕಾರೆಂದು ನಾಚಿ ಕೂಡದೆ, ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ದೂರು ಕೊಟ್ಟು ರಸೀದಿ ಪಡೆಯಿರಿ. ದೂರಿನ ಅನಂತರದ ನಷ್ಟ ಅದೇ ಸುತ್ತೋಲೆಯ ಪ್ರಕಾರ ಬ್ಯಾಂಕಿನದು. ಇನ್ನು ಮತ ಕೇಳಲು ಬರುವವರನ್ನು ಕಬ್ಬಿನ ದರದ ಜತೆಗೆ ಇದನ್ನೂ ಕೇಳಿರಿ: ಕಳ್ಳನಿಗೆ ಖಾತೆ ಕೊಟ್ಟ ಬ್ಯಾಂಕು ನಮ್ಮ ನಷ್ಟದಲ್ಲಿ ಪಾಲು ಹೊರುವಂತೆ ಸಂಸತ್ತಿನಲ್ಲಿ ನೀವು ಮಾತನಾಡುವಿರಾ, ಇಲ್ಲವೆ?